ಏಳನೇ ಗೂಡು

ನಮ್ಮ ಸ್ಲೊವೇನಿಯಾದ ಮಾತಿನಲ್ಲಿ ದನ ಸತ್ತರೆ ಒಂದು ಪದ,
ಮನುಷ್ಯ ತೀರಿಕೊಂಡರೆ ಬೇರೊಂದು.
ಜೇನುಹುಳಕ್ಕೆ ಮಾತ್ರ ಮನುಷ್ಯನ ಪದವೇ.
ಅರವತ್ತೊಂಬತ್ತರ ಅಡುಗೆಯವನು ನಾನು,
ನನಗಿದನ್ನು ಯಾರೂ ಕಲಿಸಬೇಕಿರಲಿಲ್ಲ.
ಆದರೂ ಕಲಿಸಿದ ಬ್ರದರ್ ತಿಲೆನ್, ಇಪ್ಪತ್ತಾರರ ಹುಡುಗ,
ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತ:
"ಜೇನು ಸಾಯುವುದಿಲ್ಲ ವಿನ್ಸೆಂತ್ಸ್,
ತೀರಿಕೊಳ್ಳುತ್ತದೆ."

ಅಕ್ಟೋಬರಿನ ಒಂದು ರಾತ್ರಿ, ಊಟದ ನಡುವೆ,
ಲ್ಯುಬ್ಲಿಯಾನಾದ ಡಾಕ್ಟರು ಹೇಳಿದ ಪದವನ್ನು
ಉಪ್ಪಿನ ಬಟ್ಟಲು ದಾಟಿಸುವ ಹಾಗೆ ನಮಗೆ ದಾಟಿಸಿದ.
ಫಾದರ್ ಎರಾಜೆಮ್ ಚಮಚ ಕೆಳಗಿಟ್ಟರು.
ಅವನು ಮಾತ್ರ ಇನ್ನೊಮ್ಮೆ ಬಡಿಸಿಕೊಂಡ,
ಬೀಟ್‌ರೂಟ್ ಸಾರನ್ನು
ಎಂದಿನಂತೆ ಪಕ್ಕಕ್ಕೆ ಸರಿಸಿ.

ಕೊನೆಯ ವ್ರತಕ್ಕೆ ಇನ್ನೂ ಎರಡು ವರ್ಷವಿತ್ತು.
ಮೇಲಿನವರು ರಿಯಾಯಿತಿ ಕೊಟ್ಟರು.
"ವಿದ್ಯಾರ್ಥಿ ಟಿಕೆಟ್ಟು" ಎಂದು ನಕ್ಕ,
ಬಸ್ಸು ಓಡಿಸುವವಳ ಮಗ.
ಬಡತನ, ಬ್ರಹ್ಮಚರ್ಯ, ವಿಧೇಯತೆ:
ನಡುವಿನ ಹಗ್ಗಕ್ಕೆ ಮೂರು ಗಂಟು.
ನಡು ಎಷ್ಟು ಕರಗಿತ್ತೆಂದರೆ
ಇನ್ನೊಂದು ಸುತ್ತು ಸುತ್ತಿ ಕಟ್ಟಿದೆ ನಾನೇ.
ಮೂರರಲ್ಲಿ ಯಾವುದು ಕಷ್ಟ, ಕೇಳಿದೆ.
"ವಿಧೇಯತೆ. ನರ್ಸ್ ನುಂಗು ಎಂದರೆ ನುಂಗಬೇಕು."

ಅವನ ತಾಯಿ ಯೆರ್ನೆಯಾ
ಯೆಸೆನಿತ್ಸೆಯಿಂದ ಕೆಲಸದ ಸಮವಸ್ತ್ರದಲ್ಲೇ ಬಂದಳು.
ದೇವರ ಜೊತೆ ಮಾತು ಬಿಟ್ಟಿದ್ದಳು. ನಮ್ಮ ಜೊತೆ ಬಿಟ್ಟಿರಲಿಲ್ಲ.
"ಕೊಟ್ಟಾಗಿತ್ತಲ್ಲ ಅವನಿಗೇ,
ಮತ್ತೆ ಕಿತ್ತುಕೊಳ್ಳುವುದೇನಿದೆ?"
ಉತ್ತರ ಹೇಳಲು ಫಾದರ್ ಬಾಯಿ ತೆರೆದರು.
ತಿಲೆನ್ ಕಣ್ಣಲ್ಲೇ ತಡೆದ.
ಆ ಪ್ರಶ್ನೆ ಈಗಲೂ ಆ ಕೋಣೆಯಲ್ಲಿದೆ.
ಗುಡಿಸುವಾಗ
ಅದರ ಸುತ್ತ ಗುಡಿಸುತ್ತೇನೆ.

ಮಾರ್ಚಿನಲ್ಲಿ ಪ್ಲಾನಿತ್ಸಾದ ಹಿಮಜಿಗಿತ.
ಟಿವಿ ಹೊತ್ತು ತಂದು ಅವನ ಕಾಲ ಬಳಿ ಇಟ್ಟೆವು.
ಬೆಟ್ಟದ ತುದಿಯಿಂದ ಹುಡುಗರು ಒಬ್ಬೊಬ್ಬರೇ
ಗಾಳಿಗೆ ಎದೆ ಒರಗಿಸಿದರು.
"ನೋಡು, ಅಲ್ಲಿ, ನೆಲ ಸಿಗುವುದಕ್ಕೆ ಮುಂಚೆ,
ಬೀಳುತ್ತಿದ್ದಾನೆ ಅಂತ ಯಾರೂ ಹೇಳುವುದಿಲ್ಲ."
ಮರುಕ್ಷಣ ನಮ್ಮವನೊಬ್ಬ ಹತ್ತಿರದಲ್ಲೇ ಇಳಿದ.
ಸನ್ಯಾಸಿಯ ಬಾಯಲ್ಲಿ ಬರಬಾರದ್ದು ಬಂತು.

ಹೆದರುತ್ತಿದ್ದದ್ದು ರಾತ್ರಿ ಮೂರಕ್ಕೆ.
ಕೈ ಹಿಡಿ ಎನ್ನುತ್ತಿರಲಿಲ್ಲ, ಕಿಟಕಿ ತೆರೆ ಎನ್ನುತ್ತಿದ್ದ.
ಅರ್ಧಕ್ಕೆ ನಿಂತ ಪ್ರಾರ್ಥನೆಯ ಉಳಿದರ್ಧ
ನಾನು ಹೇಳುತ್ತಿದ್ದೆ, ಪಾತ್ರೆ ಎಣಿಸುವ ದನಿಯಲ್ಲಿ.
ಒಮ್ಮೊಮ್ಮೆ ತಪ್ಪು ತಿದ್ದುತ್ತಿದ್ದ.
ಒಮ್ಮೊಮ್ಮೆ ಬರೀ ಅಳುತ್ತಿದ್ದ.

ಹೋದದ್ದು ಒಂದು ಶನಿವಾರ.
ಚಳಿಗಾಲವಿಡೀ ಗೂಡಲ್ಲಿ ಬಿಗಿಹಿಡಿದು ಕೂತ ಜೇನು
ಮೊದಲ ಬಿಸಿಲಿಗೆ ಹೊರಬಂದು
ಹೊಟ್ಟೆ ಹಗುರ ಮಾಡಿಕೊಳ್ಳುವ ದಿನ.
ಅವನ ಹಾಸಿಗೆಯ ಬಟ್ಟೆ ಒಗೆದು ತಂತಿಗೆ ಹಾಕಿದ್ದೆ.
ಸಂಜೆಗೆ ಬಿಳಿಯ ತುಂಬ ಹಳದಿ ಚುಕ್ಕೆ.

ಯಜಮಾನ ತೀರಿಕೊಂಡರೆ
ಗೂಡು ತಟ್ಟಿ ಜೇನಿಗೆ ಹೇಳಬೇಕು,
ಇಲ್ಲದಿದ್ದರೆ ಹಾರಿಹೋಗುತ್ತವೆ, ಎನ್ನುತ್ತಿದ್ದಳು ನನ್ನಜ್ಜಿ.
ಹೋದೆ.
ಏಳನೇ ಗೂಡಿನ ಹಲಗೆಗೆ ಅವನೇ ಬಳಿದ ಚಿತ್ರ:
ಬೇಟೆಗಾರನ ಹೆಣ ಹೊತ್ತು ನಡೆದ ಮೊಲ, ನರಿ, ಜಿಂಕೆ.
ನರಿಯ ಕಾಲು ಸರಿಯಾಗಿ ಬಂದಿಲ್ಲ.
ಮೊಳೆಗೆ ತೂಗುಬಿಟ್ಟ ಲೆಕ್ಕದ ಪುಸ್ತಕ.
ಅಕ್ಟೋಬರ್ ಒಂಬತ್ತು.
ನಮಗೆ ಹೇಳುವುದಕ್ಕೆ ಮೂರು ದಿನ ಮುಂಚೆ.

"ಏಳನೇ ಗೂಡು. ರಾಣಿ ಚೆನ್ನಾಗಿದ್ದಾಳೆ.
ಚಳಿಗಾಲಕ್ಕೆ ತುಪ್ಪ ಹನ್ನೆರಡು ಕಿಲೋ, ಸಾಕು.
ಲಿಂಡನ್ ಹೂ ಬಿಡುವಾಗ ನಾನಿರುವುದಿಲ್ಲ.
ತಟ್ಟಿ ಹೇಳಿದೆ.
ಅವು ಕೆಲಸ ನಿಲ್ಲಿಸಲಿಲ್ಲ.
ಹಾಯೆನಿಸಿತು."

ತಟ್ಟಲು ಎತ್ತಿದ ಕೈಯನ್ನು
ಏನು ಮಾಡಬೇಕೋ ತಿಳಿಯಲಿಲ್ಲ.
ಹಲಗೆಗೆ ಕಿವಿಯಿಟ್ಟು ನಿಂತೆ, ಚಳಿ ಹತ್ತುವವರೆಗೆ.

ಬಟ್ಟೆ ಮತ್ತೆ ಒಗೆಯಲಿಲ್ಲ. ಮಡಿಸಿಟ್ಟಿದ್ದೇನೆ.
ನಾಳೆ ಯೆರ್ನೆಯಾ ಬರುತ್ತಾಳೆ,
ಎಂಟರ ಬಸ್ಸು ತಾನೇ ಓಡಿಸಿಕೊಂಡು.
ಕೇಳಿದರೆ ಕೊಡುತ್ತೇನೆ.
ಮಧ್ಯಾಹ್ನಕ್ಕೆ ಏನು ಸಾರು ಮಾಡಲಿ, ಅದೇ ಯೋಚನೆ.
ಬೀಟ್‌ರೂಟ್ ಬೇಡ.