ಖಾಲಿ ಗುಳಿ

ಮುನ್ನೂರಾ ಎಂಬತ್ನಾಲ್ಕು ಗುಳಿಯ ತಟ್ಟೆ,
ಅಂಗೈಯಗಲ.
ನಮ್ಮ ಅಳಗುಳಿಮನಿಗೆ ಹದಿನಾಲ್ಕೇ ಇದ್ದವು,
ಹುಣಸೀಬೀಜ ಐದೈದು.
ಇಲ್ಲಿ ಆಡುವವರಿಲ್ಲ, ಒಂದು ತೋಳಿದೆ,
ಬೆರಳಿನ ಜಾಗದಲ್ಲಿ ಎಂಟು ಸೂಜಿಮೂತಿ.
ಹೀರುತ್ತದೆ, ಬಿಡುತ್ತದೆ, ಸರಿಯುತ್ತದೆ.
ಕಳ್ಳಾಟ ಗೊತ್ತಿಲ್ಲ ಅದಕ್ಕೆ.

ಕೊನೆಯ ಚಿಗರಿ ಬಸ್ಸು ಜುಬಿಲಿ ಸರ್ಕಲ್ ಬಿಟ್ಟ ಮೇಲೂ
ಧಾರವಾಡದ ಈ ಕೋಣೆಯೊಳಗೆ
ಟಿಕ್, ಜುಂಯ್, ಟಿಕ್.

ನಾನು ಕೇಳುವುದಿಷ್ಟೇ:
ಬ್ಯಾಡಗಿ ಕಾಯಿ ಹಸಿರು ಬಿಟ್ಟು ಕೆಂಪಾಗುವಾಗ
ಯಾವ ಜೀನು ಎದ್ದು ಕೂತಿತು,
ಯಾವುದು ಮಗ್ಗಲು ಬದಲಿಸಿ ಮತ್ತೆ ಮಲಗಿತು.
ಮನೆಯಲ್ಲಿ ಯಾರ್ಯಾರಿದ್ದಾರೆ ಎಂದಲ್ಲ,
ಈ ಹೊತ್ತಿಗೆ ಯಾರಿಗೆ ಎಚ್ಚರ.
ಖಾರದ್ದೂ ಇದೆ ಅಲ್ಲೇ, ಪಿಸುಗುಟ್ಟುತ್ತದೆ.
ಬಣ್ಣದ್ದು ಓಣಿಗೆಲ್ಲ ಕೇಳುವ ಬಾಯಿ.

ಮೂಲೆಯ ಗುಳಿಗೆ ಮಾತ್ರ ಬರೀ ನೀರು.
ಅದು ಕತ್ತಲಿರಬೇಕು.
ಅದು ಕತ್ತಲಿದ್ದರಷ್ಟೇ
ಉಳಿದವುಗಳ ಬೆಳಕಿಗೆ ಬೆಲೆ.

ನಿನ್ನೆ ಅದು ಬೆಳಗಿತು.
ಮೂವತ್ತೊಂದನೆಯ ಸುತ್ತಿಗೆ ಗೆರೆ ತಲೆ ಎತ್ತಿತು.
ಮೊನ್ನೆಯೂ ಎತ್ತಿತ್ತು,
ನಾನು ನೋಡಿರಲಿಲ್ಲ.
ನೋಡಿದ್ದೆ.

"ಸಣ್ಣದೈತಿ, ಬಿಡ್ರಿ ಮೇಡಂ," ಎಂದ ಫಕ್ಕೀರಪ್ಪ,
ಆಮೇಲೆ ತಾನೇ ಬಗ್ಗಿ
ಮೇಜಿನ ಕೆಳಗೆ ನೋಡಿದ.

ಅವ್ವ ಕಳಿಸಿದ ಚೀಲ.
ಗೋಡೌನಿನಲ್ಲಿ ಕೂತು ದಿನವಿಡೀ ತೊಟ್ಟು ಮುರಿದು
ಕೂಲಿಯ ಜೊತೆ ಕೇಳಿ ತಂದ ಕಾಯಿ,
ಹಾಸ್ಟೆಲಿನ ಸಾರಿಗೆ ಬಣ್ಣ ಇರೂದಿಲ್ಲ ಅಂತ.
ಕಟ್ಟಿದ ದಾರ ಸಡಿಲಾಗಿತ್ತು.
ಫ್ಯಾನಿನ ಗಾಳಿಗೆ ಎದ್ದ ಧೂಳು
ಎಲ್ಲೋ ಒಂದು ನೀರಿನ ಶೀಶೆಗೆ ಇಳಿದಿತ್ತು.

ಕಣ್ಣಿಗೆ ಕಾಣಲಿಲ್ಲ, ಒಂದು ಸೀನೂ ಬರಲಿಲ್ಲ.
ಯಂತ್ರಕ್ಕೆ ತಿಳಿಯಿತು.
ಮೂರು ವಾರದ ಹನ್ನೊಂದು ತಟ್ಟೆ
ಹಳದಿ ಚೀಲಕ್ಕೆ.

ಅಳಗುಳಿಯಲ್ಲಿ ಖಾಲಿ ಗುಳಿ ಬಂದರೆ ಸವರುತ್ತಿದ್ದೆವು,
ಆಚೆಯ ಗುಳಿ ಸವರಿದವರದು.
ಅವ್ವ ಸವರಿದಾಗೆಲ್ಲ ಆಚೆ ತುಂಬಿರುತ್ತಿತ್ತು.
ನಾನು ಸ್ಪಿರಿಟ್ಟಿನಲ್ಲಿ ಸವರಿದೆ
ಮೇಜು, ತೋಳು, ಕಪಾಟಿನ ಹಿಡಿಕೆ, ಮತ್ತೆ ಮೇಜು.
ಆಚೆ ಇದ್ದದ್ದು ಹೊಸ ತಟ್ಟೆ,
ಏನೂ ಇಲ್ಲದ್ದು.

ತೋಳು ಮೊದಲ ಗುಳಿಗೆ ಮರಳಿದೆ. ಫೋನಿನಲ್ಲಿ ಅವ್ವ:
"ಕಾಯಿ ತೀರಿದ್ವೇನ?"
"ಇನ್ನೂ ಅದಾವ. ಹೊರಗ ಇಟ್ಟೇನಿ, ಬಿಸಲಿಗೆ."
"ಬಣ್ಣ ಹೆಂಗೈತಿ?"
"ಬಾಳ ಐತಿ ಬೇ. ನೀರಿಗೂ ಹತ್ತೇತಿ."
ನಕ್ಕಳು,
ಹೊಗಳಿದೆನೆಂದುಕೊಂಡು.