ಉಪ್ಪಿನ ಚಮಚ

ನಲವತ್ತು ವರ್ಷ ಬರ್ನ್‌ನ ತೆರಿಗೆ ಕಚೇರಿಯಲ್ಲಿ
ಬೇರೆಯವರ ಲೆಕ್ಕ ನೋಡಿದವಳು ನಾನು.
ಅಂಕಿ ಸುಳ್ಳು ಹೇಳಿದರೆ ಮೂಗಿಗೇ ಗೊತ್ತಾಗುತ್ತಿತ್ತು.
ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ
ನಮ್ಮದೇ ಮನೆತನದ ಬೇರು ಕೆದಕಲು ಹೊರಟೆ.

ಮುತ್ತಜ್ಜ ಗಾಟ್ಲೀಬ್ ಸ್ಟುಕಿ, ತಬ್ಬಲಿಯಾಗಿ ಬೆಳೆದವನು,
ಬರಿಗೈಯಲ್ಲಿ ಕೊಟ್ಟಿಗೆ ಕಟ್ಟಿದವನು:
ಪ್ರತಿ ಕ್ರಿಸ್‌ಮಸ್ಸಿಗೂ ಈ ಕಥೆಯನ್ನು
ಸೂಪಿನ ಜೊತೆ ಬಡಿಸುತ್ತಿದ್ದರು.
ಆ ಕಾಲದಲ್ಲಿ ಬಡವರ ಮಕ್ಕಳನ್ನು
ಊರಿನವರೇ ಹೊಲದ ಮನೆಗಳಿಗೆ ಹಂಚುತ್ತಿದ್ದರು.
ಅವನೂ ಅಂಥವನೇ ಇರಬೇಕು, ಪಾಪ,
ಅಂದುಕೊಂಡು, ಅಳು ಬಂದರೆ ಇರಲಿ ಎಂದು
ಇಸ್ತ್ರಿ ಮಾಡಿದ ಕರವಸ್ತ್ರ ಹಿಡಿದು
ಓಬರ್‌ಮಾಟ್‌ನ ದಫ್ತರಖಾನೆಗೆ ಹೋದೆ.

ಅಲ್ಲಿನ ಹುಡುಗ ಪೆನ್ನು ಇಸಕೊಂಡು ಪೆನ್ಸಿಲ್ ಕೊಟ್ಟ.
ಸಾವಿರದ ಒಂಬೈನೂರ ಹನ್ನೊಂದರ ಪುಸ್ತಕ.
ಹರಾಜು; ಆದರೆ ತಲೆಕೆಳಗಾದ ಹರಾಜು.
ಯಾರು ಕಡಿಮೆ ಕೇಳುತ್ತಾರೋ ಅವರಿಗೆ ಮಗು.
ವರ್ಷಕ್ಕೆ ನೂರು ಫ್ರಾಂಕಿಗೆ ಸಾಕುತ್ತೇನೆ,
ಎಂಬತ್ತಕ್ಕೆ, ಎಪ್ಪತ್ತಕ್ಕೆ...
ಕೊನೆಯ ಕೂಗು ಅರವತ್ತು.
ಕೂಗಿದವನು ಗಾಟ್ಲೀಬ್ ಸ್ಟುಕಿ.
ಮಗು: ಎಮಿಲ್, ಏಳು ವರ್ಷ. ತಂದೆ ಇಲ್ಲ.
ತಾಯಿ ನೂಲಿನ ಗಿರಣಿಯಲ್ಲಿ.
ಷರಾ: ಹಲ್ಲು ಗಟ್ಟಿ.

ಹೆಸರಿನ ಮೊದಲಕ್ಷರ
ಮೂರು ಹಲ್ಲಿನ ಬಾಚಣಿಗೆಯ ಹಾಗೆ.
ಎಲ್ಲಿ ನೋಡಿದ್ದೆ?

ನನ್ನ ಅಡುಗೆಮನೆಯಲ್ಲಿ.
ಉಪ್ಪಿನ ಜಾಡಿಯ ತವರದ ಚಮಚದ ಹಿಡಿಯ ಮೇಲೆ
ಮೊಳೆಯಿಂದ ಗೀಚಿದ ಅದೇ ಬಾಚಣಿಗೆ.
ಕೋಳಿ ಪರಚಿದ್ದು ಅನ್ನುತ್ತಿದ್ದಳು ಅಮ್ಮ.

ಮುಂದಿನ ಹಾಳೆಗೆ ಒಂದು ಪತ್ರ ಹೊಲಿದಿತ್ತು.
ಹದಿನಾಲ್ಕರ ಫೆಬ್ರವರಿ.
ನನ್ನಪ್ಪ ದಿನಸಿ ಚೀಟಿ ಬರೆಯುತ್ತಿದ್ದ ಅದೇ ಬಾಗು, ಅದೇ ಸುಳಿ.
“ಹುಡುಗ ಎದೆಯ ಬಾವಿನಿಂದ ತೀರಿಕೊಂಡಿರುತ್ತಾನೆ.
ಕರಾರು ವರ್ಷದ್ದು.
ಆದ ಕಾರಣ ಉಳಿದ ಐದು ತಿಂಗಳಿನದು ಇಪ್ಪತ್ತೈದು,
ಪೆಟ್ಟಿಗೆಯ ಹಲಗೆ ನಮ್ಮದೇ, ಮೂರು,
ಒಟ್ಟು ಇಪ್ಪತ್ತೆಂಟು ಫ್ರಾಂಕು ಪಾವತಿಸತಕ್ಕದ್ದು.
ಬೂಟು ವಾಪಸು ಕಳಿಸಿದೆ.”

ಪೆನ್ಸಿಲಿನಲ್ಲಿ ಕೂಡಿ ನೋಡಿದೆ. ಅಭ್ಯಾಸಬಲ.
ಲೆಕ್ಕ ಸರಿಯಾಗಿತ್ತು.

ಅಷ್ಟಕ್ಕೇ ಎದ್ದು ಬರಬಹುದಿತ್ತು.
ಹಿಂದಿನ ಪುಸ್ತಕ ತರಿಸಿದೆ, ಅದಕ್ಕೂ ಹಿಂದಿನದು.
ಎಪ್ಪತ್ತೊಂಬತ್ತನೇ ಇಸವಿ, ಅದೇ ಹರಾಜು.
ಮಗು: ಗಾಟ್ಲೀಬ್, ಆರು ವರ್ಷ.
ಕೊನೆಯ ಕೂಗು ನಲವತ್ತೈದು.

ಅಂದರೆ ಅವನಿಗೆ ಗೊತ್ತಿತ್ತು.
ಆ ಕೋಣೆ, ಆ ಬೆಂಚು, ಬಾಯಿ ತೆರೆಸಿ ನೋಡುವ ಬೆರಳಿನ ರುಚಿ.
ಗೊತ್ತಿದ್ದೂ.
ಅಥವಾ ಗೊತ್ತಿದ್ದರಿಂದಲೇ.
ಕರವಸ್ತ್ರ ಮಡಿಚಿದ ಹಾಗೇ ಮನೆಗೆ ಬಂತು.

ತಮ್ಮ ರೂದಿ ಫೋನಿನಲ್ಲಿ ಅಂದ:
ಸತ್ತವರ ಮೇಲೆ ದಾವೆ ಹೂಡುತ್ತೀಯಾ?
ಆ ಕೊಟ್ಟಿಗೆ ಮಾರಿದ ದುಡ್ಡಲ್ಲೇ ನೀನೂ ಓದಿದ್ದು.
ಅದೂ ಸರಿಯಾದ ಲೆಕ್ಕವೇ.

ತೊಂಬತ್ತೊಂದರ ಲೇನಿ ಅತ್ತೆ, ವೃದ್ಧಾಶ್ರಮದ ಕಿಟಕಿ ಬದಿ,
ಎಮಿಲ್ ಎಂದರೆ ಯಾರು ಅನ್ನಲಿಲ್ಲ.
“ಓ, ಅವನಾ? ಅವನಿಗೆ ಹಸಿವು ಜಾಸ್ತಿಯಂತೆ”
ಅಂದು, ನಾನು ತಂದ ಪ್ಲಮ್ ಕಡುಬಿನ
ಎರಡನೇ ತುಂಡಿಗೆ ಕೈಚಾಚಿದಳು.

ಎಲ್ಲರಿಗೂ ಗೊತ್ತಿದ್ದದ್ದನ್ನು
ನಾನೊಬ್ಬಳು ಕಂಡುಹಿಡಿದೆ.

ರಾತ್ರಿ ಕಂಪ್ಯೂಟರಿನಲ್ಲಿ ವಂಶಾವಳಿ ತೆರೆದೆ.
ಹೊಸ ಹೆಸರು ಸೇರಿಸು ಅಂದೆ. ಎಮಿಲ್.
ಸಂಬಂಧ? ಎಂದು ಕೇಳಿತು.
ಮಗ, ಮಗಳು, ಗಂಡ, ಹೆಂಡತಿ, ದತ್ತು.
ಗೆರೆ ಎಳೆಯದೆ ಬಿಟ್ಟರೆ ಉಳಿಸಿಕೊಳ್ಳುವುದಿಲ್ಲವಂತೆ.
ಮುಚ್ಚಿದೆ. ತೆರೆದೆ.
ಗಿರಣಿಯ ಹಾಜರಿ ಪುಸ್ತಕ ಎಲ್ಲಾದರೂ ಉಳಿದಿದೆಯೇ ಎಂದು
ಆ ಹುಡುಗನಿಗೆ ಒಂದು ಪತ್ರ ಬರೆದೆ.
ತಾಯಿಗೂ ಒಂದು ಹೆಸರಿದ್ದಿರಬೇಕು.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಅನ್ನುತ್ತಾರೆ.
ಯಾರದನ್ನು ಯಾರು ತಿಂದರು ಎಂದು
ಮೊದಲು ತೀರ್ಮಾನವಾಗಲಿ.

ಆಲೂಗಡ್ಡೆ ಬೆಂದಿತ್ತು.
ಚಮಚವನ್ನು ತೊಳೆದೆ, ಒರೆಸಿದೆ,
ಮೇಜಿನ ಮೇಲಿಟ್ಟೆ, ಕಪಾಟಿನಲ್ಲಿಟ್ಟೆ,
ಗಾಜಿನ ಪೆಟ್ಟಿಗೆಯೊಂದನ್ನು ಕೂಡ ಯೋಚಿಸಿದೆ.
ಕೊನೆಗೆ ಜಾಡಿಗೇ ಹಾಕಿದೆ,
ಬಾಚಣಿಗೆ ಮೇಲಕ್ಕೆ ಕಾಣುವ ಹಾಗೆ.