ಪತ್ತೆಯಾಗದವರ ಕಾಲಂ

ಬಸುರಿಯ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವಾಗ
ನಾನೂ ಉಸಿರು ಬಿಗಿಹಿಡಿಯುತ್ತೇನೆ,
ಎರಡು ವರ್ಷದ ಅಭ್ಯಾಸ.
ಈರೋಡಿನಿಂದ ಬಂದ ನಮೂನೆ ತಮಿಳಿನಲ್ಲಿದೆ,
ಅದನ್ನು ಹೆತ್ತದ್ದು ಇಂಗ್ಲಿಷು;
ತಾಳವಾಡಿಯ ಜಗಲಿಗಳಲ್ಲಿ ಕೂತು
ನಾನದನ್ನು ಕನ್ನಡಕ್ಕೆ ಇಳಿಸಬೇಕು.
ಪ್ರಿಎಕ್ಲಾಂಪ್ಸಿಯಾ ಅಂದ್ರ ಏನವ್ವಿ?
ಬಸುರಿನ ನಂಜು, ಎನ್ನುತ್ತೇನೆ.
ನಂಜು ಗೊತ್ತು ಅವರಿಗೆ:
ಕಾಲುಂಗುರ ಬೆರಳೊಳಗೆ ಹೂತುಹೋಗುವುದು,
ಬೆಳಿಗ್ಗೆ ಎದ್ದರೆ ಮುಖ ಬೇರೆ ಯಾರದೋ ಆಗಿರುವುದು.

ಸಕ್ಕರೆ ಪರೀಕ್ಷೆಯ ದಿನ
ಎಪ್ಪತ್ತೈದು ಗ್ರಾಂ ಗ್ಲೂಕೋಸು ಕದಡಿ
ಪಾನಕ ಎಂದು ಸುಳ್ಳು ಹೇಳಿ ಕುಡಿಸುತ್ತೇನೆ.
ಎರಡು ಗಂಟೆ ಕಾಯಬೇಕು.
ಅಷ್ಟರಲ್ಲಿ ಒಂದು ಮೊರ ಬೆಳ್ಳುಳ್ಳಿ ಬಿಡಿಸಿ ಮುಗಿಯುತ್ತದೆ,
ಗಂಡಂದಿರ ಮಾನ ಹರಾಜಾಗುತ್ತದೆ,
ಒಬ್ಬಳು ವಾಂತಿ ಮಾಡಿಕೊಂಡು ಲೆಕ್ಕದಿಂದ ಹೊರಬೀಳುತ್ತಾಳೆ.
ಸಕ್ಕರೆ ನೂರ ನಲವತ್ತು ಮುಟ್ಟಬಾರದು.
ಒತ್ತಡವೂ ನೂರ ನಲವತ್ತು ಮುಟ್ಟಬಾರದು.
ಎರಡು ಮನೆಗೂ ಒಂದೇ ಹೊಸ್ತಿಲು ಯಾರಿಟ್ಟರು?
ಡಾಕ್ಟರಮ್ಮನನ್ನು ಕೇಳಿದೆ. ಕಾಕತಾಳೀಯ, ಎಂದು ನಕ್ಕರು.

ಇನ್ನೂರ ಹನ್ನೆರಡು. ಗುರುಮಣಿ, ಇಪ್ಪತ್ತಮೂರು, ಚೊಚ್ಚಲು.
ಮೂವತ್ತನೆಯ ವಾರ ನೂರ ಇಪ್ಪತ್ತೆಂಟು,
ಮೂವತ್ತೆರಡಕ್ಕೆ ನೂರ ಮೂವತ್ತೆಂಟು.
ಹೊಸ್ತಿಲಿಗೆ ಒಂದೇ ಗೆರೆ ಈಚೆ.
ಸಹಜ ಎಂಬ ಚೌಕದಲ್ಲಿ ಗುರುತು ಹಾಕಿದೆ.
ನಮೂನೆ ಹಾಕಿಸಿತು ಎನ್ನಬಹುದು,
ಪೆನ್ನು ನನ್ನದೇ.

ಆಮೇಲೆ ಮಾಸಿನ ಮಾತು ತೆಗೆದೆ.
ಹೆರಿಗೆಯಾದ ಮೇಲೆ ಅದರದೊಂದು ಚೂರು ಬೇಕು,
ಕಾಯಿಲೆಯ ಬೇರು ಅಲ್ಲೇ ಇರಬಹುದಂತೆ,
ತಾಯಿಯಿಂದ ಕೂಸಿಗೆ ತೋಡಬೇಕಾದ ಕಾಲುವೆ
ಸಪೂರವಾಗಿಯೇ ಉಳಿದರೆ
ರಕ್ತ ಮೇಲೆದ್ದು ಒದೆಯುತ್ತದಂತೆ.
ಅತ್ತೆ ಚೆನ್ನಾಜಮ್ಮ ಎಲೆಯಡಿಕೆ ಉಗಿದು ಬಂದರು.
"ಮಾಸ ತಕ್ಕಂಡು ಏನ್ ಮಾಡರು?"
ಓದುತ್ತಾರೆ, ಎಂದೆ.
"ಓದ್ಲಿ ಬುಡು, ಕೊಡ್ತೀವಿ."
ಸಾಕ್ಷಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದರು.

ಒಂಬತ್ತನೆಯ ರಾತ್ರಿ ತಲೆ ಸಿಡಿತ,
ಕಣ್ಣೆದುರು ಮಿಣುಕುಹುಳ.
ಆಂಬುಲೆನ್ಸು ದಿಂಬಂ ಘಾಟಿಯ ಕೆಳಗಿತ್ತು,
ನಡುವೆ ಇಪ್ಪತ್ತೇಳು ತಿರುವು, ಮುಚ್ಚಿದ ಗೇಟು,
ರಸ್ತೆಯಲ್ಲಿ ಆನೆಗಳ ಪಾಳಿ.
ಎಲೆಕೋಸಿನ ಟೆಂಪೋ ಚಾಮರಾಜನಗರಕ್ಕೆ ಹೊರಟಿತ್ತು.
ಮೂಟೆಗಳ ಮೇಲೆ ಮಲಗಿಸಿದರು.
ಗಡಿ ದಾಟುವಾಗ ಮೈ ಸೆಟೆದು ನಡುಗಿತಂತೆ,
ಕಚ್ಚಲಿಕ್ಕೆ ಅತ್ತೆ ಸೆರಗಿನ ಗಂಟು ಕೊಟ್ಟರಂತೆ.

ಹೆರಿಗೆಯಾದ ಆಸ್ಪತ್ರೆ ಯಾವುದು, ಟ್ಯಾಬು ಕೇಳುತ್ತದೆ.
ಈರೋಡು. ಗೋಬಿ. ಭವಾನಿ. ಸತ್ಯಮಂಗಲ.
ಚಾಮರಾಜನಗರ ಪಟ್ಟಿಯಲ್ಲಿಲ್ಲ.
ಉಳಿದದ್ದೊಂದೇ ಕಾಲಂ: ಪತ್ತೆಯಾಗಿಲ್ಲ.
ಪತ್ತೆಯಾಗದವಳು ಕಿಟಕಿ ಮಗ್ಗುಲ ಮಂಚದಲ್ಲಿದ್ದಾಳೆ,
ನಿನ್ನೆ ಕಣ್ಣು ಬಿಟ್ಟಳು,
ಆಚೆ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ
ಒಂದೂಕಾಲು ಕಿಲೋ ಕೂಸು.
ಬಸ್ಸಿನಲ್ಲಿ ಒಂದು ಗಂಟೆ, ನಾನೇ ಹೋಗಿ ನೋಡಿಬಂದೆ.
ಅದನ್ನು ಬರೆಯಲು ಜಾಗವಿಲ್ಲ.

ನಾಲ್ಕನೆಯ ದಿನ ಚೆನ್ನಾಜಮ್ಮ ಬಂದರು,
ವಯರು ಬುಟ್ಟಿ, ಅದರೊಳಗೊಂದು ಸ್ಟೀಲ್ ಡಬ್ಬಿ.
"ಕೇಳಿದ್ಯಲ್ಲ, ತಂದಿವ್ನಿ.
ಕೆಡ್ಬಾರ್ದು ಅಂತ ಉಪ್ಪ ಹಾಕಿವ್ನಿ, ಅರಿಸ್ನವ ಹಾಕಿವ್ನಿ.
ಆಯಮ್ಮ ಕೊಡಾಕಿಲ್ಲ ಅಂದ್ಲು, ನಾ ಬುಡ್ನಿಲ್ಲ.
ಮಾತ ಕೊಟ್ಟಿದ್ವಿ."

ಅರ್ಧ ಗಂಟೆಯೊಳಗೆ
ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಚಳಿಗೆ ಸೇರಬೇಕಿದ್ದದ್ದು.
ಹೇಳಲಿಲ್ಲ.
ಐಸ್ ಪೆಟ್ಟಿಗೆ ತೆರೆದು ಡಬ್ಬಿ ಇಟ್ಟೆ,
ಅವರೆದುರೇ ಚೀಟಿ ಅಂಟಿಸಿದೆ, ಇನ್ನೂರ ಹನ್ನೆರಡು.
ಸಮಾಧಾನವಾಗಿ ಬಸ್ಸಿಗೆ ನಡೆದರು.

ಸಂಜೆ ಉಪಕೇಂದ್ರದ ಹಿಂದೆ ಮೊಣಕೈ ಆಳ ತೋಡಿ ಹೂತೆ.
ಡಬ್ಬಿಯನ್ನು ಮೂರು ಸಲ ತೊಳೆದೆ,
ಅರಿಶಿನ ಬಿಡಲಿಲ್ಲ.
ತಳದಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದಿದೆ
ಅವಳ ಹೆಸರು, ತವರಿನ ಊರು, ಮದುವೆಯ ತಾರೀಖು.
ವಾಪಸು ಕೊಡಬೇಕು.